ವಿಶ್ವಾಸ

'ವಿ' ಉಪಸರ್ಗಕ್ಕೆ ಉಸಿರಾಡು ಎಂಬರ್ಥದ 'ಶ್ವಸ್' ಧಾತು ಸೇರಿ ಆದ ಸಂಸ್ಕೃತ ಪದ. ಅಂಜಿಕೆ ಬಿಟ್ಟು ನಿರಾಳವಾಗಿ ಉಸಿರಾಡುವುದು ಮೂಲಭಾವ. ಜೊತೆಗಾರ ಪದ 'ನಂಬಿಕೆ' ದ್ರಾವಿಡ ಮೂಲದ್ದು. ತಮಿಳಿನಲ್ಲೂ 'ನಂಬು' ಇದೆ. ಕನ್ನಡದಲ್ಲಿ ವಿಶ್ವಾಸವೆಂದರೆ ಅಕ್ಕರೆಯೂ ಹೌದು: 'ಅವರಿಗೆ ನಮ್ಮ ಮೇಲೆ ತುಂಬ ವಿಶ್ವಾಸ.' ಶಾಸನಸಭೆಯಲ್ಲಿ 'ಅವಿಶ್ವಾಸ ನಿರ್ಣಯ', ಕ್ರೈಸ್ತರಲ್ಲಿ 'ವಿಶ್ವಾಸಿಗಳು'.

ಧರ್ಮದ ವಿಷಯದಲ್ಲಿ ಪ್ರಶ್ನೆ ಕೇಳಿದರೆ ವಿಶ್ವಾಸ ಕೆಟ್ಟೀತೆ? 1915ರಿಂದ 1928ರವರೆಗೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪಾದ್ರಿಯಾಗಿದ್ದ ರೈನ್‌ಹೋಲ್ಡ್ ನೀಬರ್, ಕಾರು ಕಾರ್ಖಾನೆಯ ಕಾರ್ಮಿಕರ ಪಾಡು ಕಂಡು ತಮ್ಮ ಆಶಾವಾದಿ ದೈವಶಾಸ್ತ್ರವನ್ನೇ ಪ್ರಶ್ನಿಸಿಕೊಂಡರು. 1962ರಿಂದ 1965ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ದೈವಶಾಸ್ತ್ರಜ್ಞ ಪಾಲ್ ಟಿಲಿಕ್‌ಗೆ ಸಂಶಯವೂ ವಿಶ್ವಾಸದ ಅಂಗವೇ. ನಿರಾಳವಾಗಿ ಪ್ರಶ್ನೆ ಕೇಳಲು ಎಡೆಯಿರುವಲ್ಲೇ ಈ ಪದದ ಮೂಲಾರ್ಥ ಉಳಿದಿದೆ.