ಫೋಟೋಶಾಪ್ ನಿಧಾನವೇ? ಹೊಸ ಕಂಪ್ಯೂಟರಿಗೆ ಮೊದಲು ಇಷ್ಟು ನೋಡಿ

ಮದುವೆ ಆಲ್ಬಮ್ಮಿನ 12×36 ಇಂಚಿನ ಒಂದು ಹಾಳೆ 300 ಡಿಪಿಐನಲ್ಲಿ ಸುಮಾರು 3.9 ಕೋಟಿ ಪಿಕ್ಸೆಲ್. ಅಂದರೆ ಪೂರ್ತಿ ತುಂಬಿದ ಒಂದು ಲೇಯರಿಗೇ ಸುಮಾರು 117 ಎಂಬಿ. ಹತ್ತಾದರೆ 1 ಜಿಬಿ ದಾಟುತ್ತದೆ. ರ‍್ಯಾಮ್ ಸಾಲದಿದ್ದಾಗ ಫೋಟೋಶಾಪ್ ಹಾರ್ಡ್ ಡಿಸ್ಕಿನ ಖಾಲಿ ಜಾಗ ಬಳಸುತ್ತದೆ. ಇದೇ ಸ್ಕ್ರ್ಯಾಚ್ ಡಿಸ್ಕ್. ಕೆಲಸ ನಿಧಾನವಾಗುವುದು ಹೆಚ್ಚಾಗಿ ಇಲ್ಲಿಯೇ.

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ತುಂಬಿದ್ದರೆ ಬ್ರೌಸರ್ ಮುಂತಾದವನ್ನು ಮುಚ್ಚಿ.

2. ಸಿ ಡ್ರೈವ್ ಭರ್ತಿಯಾಗಿದ್ದರೆ ಜಾಗ ಮಾಡಿ. ಇನ್ನೊಂದು ಡಿಸ್ಕ್ ಇದ್ದರೆ ಪ್ರಿಫರೆನ್ಸಸ್‌ಗೆ ಹೋಗಿ ಸ್ಕ್ರ್ಯಾಚ್ ಡಿಸ್ಕನ್ನು ಅದಕ್ಕೆ ಬದಲಿಸಿ.

3. ಫೋಟೋಶಾಪ್ ತೆರೆಯುವುದೇ ತಡವಾದರೆ ಫಾಂಟ್ ನೋಡಿ. ಕೆ.ಟಿ. ದೊಡ್ಡಿಯಂಥ ಗಡಿ ಊರಿನಲ್ಲಿ ಹೆಸರು ಬರೆಯಲು ಕನ್ನಡವೂ ಬೇಕು, ತೆಲುಗೂ ಬೇಕು. ಆದರೆ ಎರಡರ ನೂರಾರು ಫಾಂಟ್ ಬೇಕಿಲ್ಲ; ಬಳಸದ್ದನ್ನು ತೆಗೆಯಿರಿ.

4. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿ ಮೇಲಿನ ರ‍್ಯಾಮ್ ಉಪಯೋಗಕ್ಕೆ ಬಾರದು. ಕೊಳ್ಳುವ ಮೊದಲು ವಿಚಾರಿಸಿ.

ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮೇಲಿನದೆಲ್ಲ ಬಿಟ್ಟು ಮೊದಲು ಚಿತ್ರಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ, ಮದುವೆ ಫೋಟೋ ಸಿಗುವುದಿಲ್ಲ.