ಮಗುಚಿ ನೋಡಬೇಕಾದ ಕಾರು

ಆಟದ ಕಾರು ಕೈಗೆ ಬಂದರೆ ನಾನು ಮೊದಲು ಮಗುಚುತ್ತೇನೆ. ಬಣ್ಣ ಆಮೇಲೆ. ಪೀಣ್ಯದ ಡೈ ಕಾಸ್ಟಿಂಗ್ ಶೆಡ್ಡೊಂದರಲ್ಲಿ ಇಪ್ಪತ್ತೆಂಟು ವರ್ಷ ಅಚ್ಚು ತಿದ್ದಿದವನಿಗೆ ಬೇರೆ ಅಭ್ಯಾಸ ಬರುವುದಾದರೂ ಹೇಗೆ? ಬಣ್ಣ ಯಾರು ಬೇಕಾದರೂ ಬಳಿಯಬಹುದು. ಎಜೆಕ್ಟರ್ ಪಿನ್ ತಳ್ಳಿದ ದುಂಡು ಕಲೆ, ಅಚ್ಚಿನ ಎರಡು ಹೋಳು ಕೂಡುವಲ್ಲಿ ಎದ್ದ ಕೂದಲೆಳೆಯಂಥ ಗೆರೆ, ಇವನ್ನು ಅಚ್ಚೇ ಬರೆಯಬೇಕು.

ನನ್ನ ಹುಚ್ಚು ಲಂಡನ್ನಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಕಾರುಗಳದು. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬಿಬ್ಬರು ತಮ್ಮ ಹೆಸರುಗಳ ತುಂಡು ಬೆಸೆದು ಕಂಪನಿಗೆ ಇಟ್ಟರು. ಇಬ್ಬರೂ ಸ್ಮಿತ್, ನೆಂಟಸ್ತಿಕೆ ಮಾತ್ರ ಇಲ್ಲ. ಕೆಲಸ ಶುರುವಾದದ್ದು ಎಡ್ಮಂಟನ್ನಿನ ಹಳೇ ಪಬ್ಬೊಂದರಲ್ಲಿ. ಜತೆಗೆ ಸೇರಿದ ಜ್ಯಾಕ್ ಓಡೆಲ್ ನಮ್ಮ ಜಾತಿಯವನು, ಅಂದರೆ ಅಚ್ಚಿನ ಮನುಷ್ಯ. ಮಗಳ ಶಾಲೆಗೆ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಆಟಿಕೆ ಮಾತ್ರ ಒಯ್ಯಬಹುದಿತ್ತಂತೆ. ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ಸರಣಿ ಪೇಟೆಗೆ ಬಂದಾಗ ಒಂದನೇ ನಂಬರು ರೋಡ್ ರೋಲರಿಗೇ ಸಿಕ್ಕಿತು.

ಕಾಲ ಗುರುತಿಸಲು ಹೊಸಬರು ಚಕ್ರ ನೋಡುತ್ತಾರೆ. ತಪ್ಪಲ್ಲ. ಮೊದಲು ಲೋಹದ್ದು, 1950ರ ದಶಕದ ಕೊನೆಗೆ ಬೂದು ಪ್ಲಾಸ್ಟಿಕ್ಕಿನದು, ಆಮೇಲೆ ಕಪ್ಪು. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ಬಂದು ಲೆಸ್ನಿಗೆ ನಡುಕ ಹುಟ್ಟಿಸಿತು; ಮರುವರ್ಷವೇ ಸರ್ರನೆ ಓಡುವ ತೆಳು ಆಕ್ಸಲ್ಲಿನ ಸೂಪರ್‌ಫಾಸ್ಟ್ ಚಕ್ರಗಳು ಬಂದವು. ಆದರೆ ಚಕ್ರ ಬದಲಿಸುವುದು ಎಷ್ಟರ ಕೆಲಸ?

ಎರಕದ ಲೆಕ್ಕ ಬೇರೆ. ಸತುವಿಗೆ ನೂರಕ್ಕೆ ನಾಲ್ಕರಷ್ಟು ಅಲ್ಯುಮಿನಿಯಂ ಬೆರೆಸಿದ ಲೋಹ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗುತ್ತದೆ, ತಣಿಯುತ್ತದೆ, ಮತ್ತೆ ನುಗ್ಗುತ್ತದೆ. ಕಾದು ಆರಿ ಕಾದು ಆರಿ ಅಚ್ಚಿನ ಮೈ ಬಿರುಕು ಬಿಡುತ್ತದೆ. ಆ ಬಿರುಕು ಕಾರಿನ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಆಗ ನಮ್ಮಂಥವರು ಅರ ಹಿಡಿದು ಕೂರಬೇಕು. ಅಚ್ಚಿನಲ್ಲಿ ಉಕ್ಕು ಕೆತ್ತುವುದು ಸುಲಭ, ತುಂಬುವುದು ತಲೆನೋವು. ಹಾಗಾಗಿ ಅಚ್ಚು ತಿದ್ದಿದಂತೆಲ್ಲ ಎರಕ ದಪ್ಪವಾಗುವುದೇ ಹೆಚ್ಚು. ಒಂದೇ ಕಾರಿನ ಎರಡು ಪ್ರತಿ ಇಟ್ಟು ಯಾವುದು ಮೊದಲಿನದು ಎಂದು ಕೇಳಿದರೆ, ಕಿಟಕಿ ಕಂಬ ತೆಳ್ಳಗಿರುವುದರ ಕಡೆ ನನ್ನ ಬೆರಳು ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮೋಸಹೋದೆ. 1965ರ ಹದಿಮೂರನೇ ನಂಬರು, ಕೆಟ್ಟ ಗಾಡಿ ಎಳೆಯುವ ಬಿಪಿ ಡಾಡ್ಜ್ ಲಾರಿ. ಕ್ಯಾಬಿನ್ ಹಳದಿ, ಹಿಂಭಾಗ ಹಸಿರು. ಎರಡೂ ಬೇರೆ ಬೇರೆ ಎರಕ, ಬೇರೆ ಬೇರೆ ಬಣ್ಣ. ಕೆಲವು ಮಾತ್ರ ಉಲ್ಟಾ ಬಂದಿವೆ, ಹಸಿರು ಕ್ಯಾಬಿನ್, ಹಳದಿ ಬೆನ್ನು. ಸಂಗ್ರಹಕಾರರು ಪ್ರಾಣ ಬಿಡುವುದು ಅದಕ್ಕೇ. ಅಂಥದ್ದೊಂದು ಸಿಕ್ಕಿತು. ಆಸೆಗೆ ಮಗುಚುವುದನ್ನೇ ಮರೆತು ಎರಡು ತಿಂಗಳ ಪಿಂಚಣಿ ಎಣಿಸಿಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ರಿವೆಟ್ಟಿನ ತಲೆಯ ನಡುವೆ ಡ್ರಿಲ್ ಕಚ್ಚಿದ ಗುಳಿ, ಅದರ ಮೇಲೆ ನುಣ್ಣಗೆ ಸವರಿದ ಅಂಟು. ಕ್ಯಾಬಿನ್ನಿನ ಒಳಮೂಲೆಯಲ್ಲಿ, ಹಸಿರಿನಡಿ ಸಾಸಿವೆಯಷ್ಟು ಹಳದಿ. ಹೆಂಡತಿ ನೋಡಿ, “ಬಣ್ಣ ಚೆನ್ನಾಗಿದೆ ಬಿಡಿ” ಅಂದಳು.

ಅಚ್ಚುಗಳು ಊರೂರು ತಿರುಗುತ್ತವೆ ಎಂಬುದು ಹಲವರಿಗೆ ಗೊತ್ತಿಲ್ಲ. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ಮೆಕಾನೊ ಕಂಪನಿ ಡಿಂಕಿ ಕಾರು ಮಾಡುತ್ತಿತ್ತು. ತನಗೆ ಬೇಡವಾದ ಕೆಲವು ಅಚ್ಚುಗಳನ್ನು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತದವರಿಗೆ ಕೊಟ್ಟಿತು. ಅವರು ನಿಕಿ ಎಂಬ ಹೆಸರಿಟ್ಟು ನಮ್ಮ ದೇಶದ ಮಕ್ಕಳಿಗೆ ಮಾರಿದರು.

ಒಂದು ನಿಕಿ ಜಾಗ್ವಾರ್ ನನ್ನ ಹತ್ತಿರ ಇದೆ. ಬಣ್ಣ ದಪ್ಪ, ಬಾಗಿಲಂಚಿನಲ್ಲಿ ಸೋರಿ ಗಟ್ಟಿಯಾಗಿದೆ. ಪಕ್ಕದಲ್ಲಿ ಅದರ ಅಣ್ಣ, ಲಿವರ್‌ಪೂಲಿನ ಡಿಂಕಿ. ಎರಡನ್ನೂ ಮಗುಚಿ ಟಾರ್ಚ್ ಬಿಟ್ಟೆ. ಡಿಂಕಿಯ ಒಳಗೆ ಅಕ್ಕಿಕಾಳಿನುದ್ದದ ಒಂದು ಉಬ್ಬುಗೆರೆ. ನಿಕಿಯಲ್ಲೂ ಅದೇ ಜಾಗದಲ್ಲಿ, ಅದೇ ಓರೆಗೆ, ಅದೇ ಗೆರೆ. ಉದ್ದ ಮಾತ್ರ ಎರಡು ಅಕ್ಕಿಕಾಳಿನಷ್ಟು.