ಜೀವಕೋಶದ ಸುಣ್ಣದ ಸಂಕೇತ ಮತ್ತು ಕ್ಯಾನ್ಸರ್

ಕ್ಯಾಲ್ಸಿಯಂ ಎಂದೊಡನೆ ನಮಗೆ ನೆನಪಾಗುವುದು ಹಾಲು, ಮೂಳೆ ಮತ್ತು ಹಲ್ಲು. ದೇಹದ ಸುಣ್ಣದ ಅಂಶದಲ್ಲಿ ಶೇಕಡಾ 99 ಭಾಗ ಇರುವುದೂ ಅಲ್ಲಿಯೇ. ಉಳಿದ ಅಲ್ಪ ಭಾಗವು ರಕ್ತದಲ್ಲಿಯೂ ಜೀವಕೋಶಗಳಲ್ಲಿಯೂ ಇದ್ದು, ಬೇರೊಂದು ಮಹತ್ವದ ಕೆಲಸವನ್ನು ಮಾಡುತ್ತದೆ. ಅದು ಸಂದೇಶವಾಹಕನ ಕೆಲಸ. ಈ ಸಂದೇಶ ವ್ಯವಸ್ಥೆ ಕೆಟ್ಟಾಗ ಕ್ಯಾನ್ಸರ್ ಬೆಳೆಯಲು ಹೇಗೆ ಅವಕಾಶವಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಸಂಕೇತದ ಬಗೆ

ವಿಶ್ರಾಂತ ಸ್ಥಿತಿಯಲ್ಲಿ ಜೀವಕೋಶದ ಒಳರಸದಲ್ಲಿ ಇರುವ ಮುಕ್ತ ಕ್ಯಾಲ್ಸಿಯಂ, ಹೊರಗಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಕೋಶಪೊರೆಯಲ್ಲಿರುವ ಪಂಪುಗಳು ಅದನ್ನು ಎಡೆಬಿಡದೆ ಹೊರದೂಡುತ್ತಿರುತ್ತವೆ. ಹಾರ್ಮೋನಿನಂತಹ ಸೂಚನೆ ಬಂದಾಗ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದೊಳಗಿನ ಉಗ್ರಾಣಗಳಿಂದಲೂ ಹೊರಬರುತ್ತದೆ. ಆಗ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳು ಎಚ್ಚೆತ್ತು, ವಿಭಜನೆ, ಚಲನೆ, ಸಾವು ಮೊದಲಾದ ಆದೇಶಗಳನ್ನು ಮುಂದಕ್ಕೆ ಸಾಗಿಸುತ್ತವೆ. ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯುವ ಕ್ಯಾಲ್ಮಾಡ್ಯುಲಿನ್ ಇಂತಹ ಒಂದು ಪ್ರೋಟೀನು. ಇನ್ನೊಂದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವಗಳ ಕುಟುಂಬ. 1977ರಲ್ಲಿ ಇದನ್ನು ಗುರುತಿಸಿದವರು ಜಪಾನಿನ ಕೋಬೆ ವಿಶ್ವವಿದ್ಯಾಲಯದ ಯಸುತೋಮಿ ನಿಶಿಝುಕ.

ಈ ಕುಟುಂಬದ ಆಲ್ಫಾ, ಬೀಟಾ ಮತ್ತು ಗಾಮಾ ಬಗೆಗಳು ಕ್ಯಾಲ್ಸಿಯಂ ಒಂದರಿಂದಲೇ ಪೂರ್ಣವಾಗಿ ಎಚ್ಚರಗೊಳ್ಳುವುದಿಲ್ಲ. ಕೋಶಪೊರೆಯಲ್ಲಿ ಹುಟ್ಟುವ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನ ಪದಾರ್ಥವೂ ಬೇಕು. ಬ್ಯಾಂಕಿನ ಲಾಕರು ಗ್ರಾಹಕರ ಕೀಲಿ ಹಾಗೂ ಬ್ಯಾಂಕಿನ ಕೀಲಿ ಎರಡೂ ಇದ್ದರೆ ಮಾತ್ರ ತೆರೆಯುವಂತೆ ಇದು.

ಜಾಪಾಳದ ಎಣ್ಣೆ ಕಲಿಸಿದ ಪಾಠ

ತೀವ್ರ ಭೇದಿಯ ಔಷಧವೆಂದು ನಮ್ಮ ಹಿರಿಯರಿಗೆ ತಿಳಿದಿದ್ದ ಜಾಪಾಳದ ಬೀಜದ ಎಣ್ಣೆಗೂ ಈ ಕಥೆಗೂ ಸಂಬಂಧವಿದೆ. ಕ್ಯಾನ್ಸರ್‌ಕಾರಕ ರಾಸಾಯನಿಕದೊಡನೆ ಈ ಎಣ್ಣೆಯನ್ನೂ ಇಲಿಗಳ ಚರ್ಮಕ್ಕೆ ಹಚ್ಚಿದರೆ ಗೆಡ್ಡೆಗಳು ಹೆಚ್ಚುತ್ತವೆಂದು 1941ರಲ್ಲಿ ಐಸಾಕ್ ಬೆರೆನ್‌ಬ್ಲಮ್ ತೋರಿಸಿದರು. ಎಣ್ಣೆಯಲ್ಲಿರುವ ಫೋರ್ಬಾಲ್ ಎಸ್ಟರ್, ಡೈಅಸೈಲ್‌ಗ್ಲಿಸರಾಲಿನ ಜಾಗದಲ್ಲಿ ಕುಳಿತು ಪ್ರೋಟೀನ್ ಕೈನೇಸ್ ಸಿಯನ್ನು ಎಚ್ಚರಿಸುತ್ತದೆಂಬುದು 1982ರಲ್ಲಿ ತಿಳಿದುಬಂತು. ಅದು ಕಳ್ಳಕೀಲಿ ಇದ್ದಂತೆ. ಹೀಗಾಗಿ ಈ ಕಿಣ್ವವೇ ಕ್ಯಾನ್ಸರಿನ ಪೋಷಕ ಎಂಬ ಅಭಿಪ್ರಾಯ ಬೇರೂರಿತು. ಅದನ್ನು ತಡೆಯುವ ಔಷಧಗಳೂ ಸಿದ್ಧವಾದವು.

ಆದರೆ ರೋಗಿಗಳಲ್ಲಿ ನಿರೀಕ್ಷಿತ ಫಲ ದೊರೆಯಲಿಲ್ಲ. ಎನ್‌ಜಾಸ್ಟೌರಿನ್ ಎಂಬ ಔಷಧವು ಮೆದುಳಿನ ಗ್ಲಯೋಬ್ಲಾಸ್ಟೋಮ ಗೆಡ್ಡೆಯಲ್ಲಿ ಹಳೆಯ ಔಷಧಕ್ಕಿಂತ ಮೇಲೆನಿಸಲಿಲ್ಲವೆಂದು 2010ರಲ್ಲಿ ವರದಿಯಾಯಿತು. 2015ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ನ್ಯೂಟನ್ ಮತ್ತು ಸಂಗಡಿಗರು, ಕ್ಯಾನ್ಸರ್ ಗೆಡ್ಡೆಗಳಲ್ಲಿ ಕಂಡುಬಂದ ಈ ಕಿಣ್ವದ ದೋಷಗಳನ್ನು ಪರೀಕ್ಷಿಸಿದರು. ಬಹುಪಾಲು ದೋಷಗಳು ಕಿಣ್ವವನ್ನು ಕುಗ್ಗಿಸುವಂಥವು. ಅದರ ಚಟುವಟಿಕೆಯನ್ನು ಹೆಚ್ಚಿಸುವ ದೋಷ ಒಂದೂ ಇರಲಿಲ್ಲ. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿದ್ದ ಅಂತಹ ಒಂದು ದೋಷವನ್ನು ಸರಿಪಡಿಸಿದಾಗ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತು. ಅಪರಾಧಿಯೆಂದು ಭಾವಿಸಿದ್ದ ಕಿಣ್ವ ಅನೇಕ ಕಡೆ ಕಾವಲುಗಾರನೇ ಆಗಿತ್ತು. ಫೋರ್ಬಾಲ್ ಎಸ್ಟರನ್ನು ದೀರ್ಘಕಾಲ ಬಳಸಿದರೆ ಕೋಶವು ಈ ಕಿಣ್ವವನ್ನೇ ಕಳೆದುಕೊಳ್ಳುತ್ತದೆ ಎಂಬ ಹಳೆಯ ಸಂಗತಿಗೂ ಆಗ ಹೊಸ ಅರ್ಥ ಬಂತು.

ಮಾತ್ರೆಯ ಪ್ರಶ್ನೆ

ಇದನ್ನು ಓದಿ ಯಾರೂ ಹಾಲನ್ನಾಗಲಿ, ವೈದ್ಯರು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನಾಗಲಿ ಬಿಡಬೇಕಿಲ್ಲ. ಕೋಶದೊಳಗಿನ ಸಂಕೇತ ನಾವು ಕುಡಿಯುವ ಹಾಲಿನ ಅಳತೆಯಂತೆ ಏರಿಳಿಯುವುದಿಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾಯುತ್ತವೆ. ಹಾಲಿನ ಪದಾರ್ಥಗಳು ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವನ್ನು ತಗ್ಗಿಸಬಹುದೆಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ ಹೇಳಿದೆ. ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ ಅತಿಯಾದ ಸೇವನೆ ಹಿತವಲ್ಲವೆಂಬ ಸೀಮಿತ ಸೂಚನೆಗಳೂ ಇವೆ. ಆದುದರಿಂದ ಮಿತಿಯೇ ಲೇಸು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕೆಲವು ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ. ಮಿತಿಮೀರಿದ ಬಾಯಾರಿಕೆ, ಮಲಬದ್ಧತೆ, ಮಂಕು ಅದರ ಲಕ್ಷಣಗಳು. ರೋಗಿಯಲ್ಲಿ ಇವು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅಂತಹವರಿಗೆ ಮನೆಯವರು ತಾವಾಗಿಯೇ ಕ್ಯಾಲ್ಸಿಯಂ ಮಾತ್ರೆ ಕೊಡಬಾರದು.